ಏಳು ಟೇಕು, ಒಂದು ಪದ: ರೀಪರ್ 7ರಲ್ಲಿ ಕೆಲಸ ಎಲ್ಲಿ ಹಗುರಾಯಿತು

ಹಾಸನದಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ರೂಮಿದೆ. ಬೋರ್ಡಿನಲ್ಲಿ ಸ್ಟುಡಿಯೋ ಅಂತ ಬರೆಸಿದ್ದೇನೆ. ನಿಜಕ್ಕೂ ಅದು ಮನೆಯ ಮಹಡಿ ಮೇಲಿನ ಹತ್ತಡಿ ಹನ್ನೆರಡಡಿ ಕೋಣೆ. ಗೋಡೆಗೆ ಹಳೇ ಹತ್ತಿ ಹಾಸಿಗೆ, ಕಿಟಕಿಗೆ ದಪ್ಪ ಕಂಬಳಿ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಗುಡಿಯ ಬಾಗಿಲು ತೆಗೀತಾರಲ್ಲ, ಅದಕ್ಕೆ ತಿಂಗಳು ಮುಂಚೆ ದೇವಿ ಹಾಡು ಮಾಡಿಸುವವರು ಬರುತ್ತಾರೆ. ಡಿಸೆಂಬರ್ ಬಂತು ಅಂದರೆ ಶಾಲೆ ವಾರ್ಷಿಕೋತ್ಸವದವರು. ಮಿಕ್ಕ ದಿನ ಯಾರು ಬಂದರೆ ಅವರು.

ಒಂದು ಮಳೆಗಾಲದಲ್ಲಿ ಅರಕಲಗೂಡು ಕಡೆಯ ಅಜ್ಜಿಯೊಬ್ಬರನ್ನು ಅವರ ಮೊಮ್ಮಗಳು ಕರೆದುಕೊಂಡು ಬಂದಳು. ಜೊತೆಗೆ ಸೊಲ್ಲು ಕೊಡೋದಕ್ಕೆ ಊರಿನ ಇನ್ನಿಬ್ಬರು ಹೆಂಗಸರು. ಸೋಬಾನೆ ಪದ ರೆಕಾರ್ಡ್ ಆಗಬೇಕಿತ್ತು. ಅಜ್ಜಿ ಎಲೆಅಡಿಕೆ ಉಗಿದು, ಬಾಯಿ ತೊಳೆದುಕೊಂಡು ಬಂದು ಕೂತರು. ಒಂದು ಸಲ ಪೂರ್ತಿ ಹೇಳಿದರು. ನಡುವೆ ಕೆಳಗೆ ರಸ್ತೆಯಲ್ಲಿ ಲಾರಿಯ ಹಾರನ್ನು. "ಅಜ್ಜಿ, ಇನ್ನೊಂದ್ ಸಲ ಹೇಳ್ತೀರಾ?" ಅಂದೆ. "ಹೇಳ್ದೆನಲ್ಲಪ್ಪಾ ಈಗ, ಕೇಳಿಸ್ಲಿಲ್ವಾ?" ಅಂದರು.

ಹಾಗೂ ಹೀಗೂ ಏಳು ಟೇಕು ಆಯಿತು. ಎರಡನೇದರಲ್ಲಿ ಮಳೆ ಶುರುವಾಗಿ ಪಕ್ಕದ ಮನೆ ಶೀಟಿನ ಸದ್ದು. ನಾಲ್ಕನೇದರಲ್ಲಿ ಅಜ್ಜಿಗೆ ಕೆಮ್ಮು. ಐದನೇದು ಶುದ್ಧವಾಗಿತ್ತು, ಆದರೆ ಜೀವ ಇರಲಿಲ್ಲ. ಒಂದೂ ಟೇಕು ಪೂರ್ತಿ ಸರಿಯಿಲ್ಲ. ಆದರೆ ಏಳೂ ಸೇರಿದರೆ ಹಾಡು ಇದೆ. ಅದನ್ನು ಆರಿಸಿ ತೆಗೆಯುವ ಕೆಲಸಕ್ಕೆ ಕಾಂಪಿಂಗ್ ಅಂತಾರೆ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನ ಏಳನೇ ಆವೃತ್ತಿ ಈ ಕೆಲಸಕ್ಕೆ ಏನು ಮಾಡಿತು ಅನ್ನೋದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ

ಹೊಸ ವರ್ಷನ್ ಬಂತು ಅಂದರೆ ಹುಡುಗರು ಮೊದಲು ಕೇಳೋದು, "ಅಣ್ಣಾ, ಸೌಂಡ್ ಜಾಸ್ತಿ ಚೆನ್ನಾಗಿ ಬರುತ್ತಾ?" ಇಲ್ಲ, ಬರೋದಿಲ್ಲ. ಸೌಂಡ್ ಇರೋದು ಗಂಟಲಲ್ಲಿ, ಮೈಕಿನಲ್ಲಿ, ಕೋಣೆಯಲ್ಲಿ. ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆದು (ಒಂದೊಂದು ಅಳತೆಯೂ ಒಂದು ಸ್ಯಾಂಪಲ್), 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ ಫೈಲು ಹಳೇ ವರ್ಷನ್‌ನಲ್ಲೂ ಅದೇ, ಹೊಸದರಲ್ಲೂ ಅದೇ.

ಹೆಡ್‌ಫೋನಿನಲ್ಲಿ ದನಿ ತಡವಾಗಿ ಕೇಳುವ ಕಾಟವೂ ಅಷ್ಟೇ. ವರ್ಷನ್ ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಅದು ಬಫರ್ ಲೆಕ್ಕ, ಅಂದರೆ ಕಂಪ್ಯೂಟರು ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ಕೂಡಿಟ್ಟುಕೊಂಡು ಮುಂದೆ ಕಳಿಸುತ್ತದೆ ಅನ್ನೋದು. ಬಫರ್ 256 ಸ್ಯಾಂಪಲ್ ಇಟ್ಟರೆ, ಸೆಕೆಂಡಿಗೆ 48,000ದ ಲೆಕ್ಕದಲ್ಲಿ ಸುಮಾರು 5.3 ಮಿಲಿಸೆಕೆಂಡ್ ಆಯಿತು. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಸದ್ದು ಸುಮಾರು ಆರಡಿ ಹೋಗುತ್ತದೆ. ಒಳಗೆ ಬರೋದು, ಹೊರಗೆ ಹೋಗೋದು ಎರಡೂ ಸೇರಿ ಹನ್ನೆರಡಡಿ, ಮೇಲೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆಯದು ಚೂರು. ಅಂದರೆ ನಿಮ್ಮ ದನಿಯನ್ನೇ ನೀವು ಕೋಣೆಯ ಆ ತುದಿಯಿಂದ ಕೇಳಿದ ಹಾಗೆ. ಬಫರ್ ಇಳಿಸಿದರೆ ದೂರ ಕಮ್ಮಿಯಾಗುತ್ತದೆ, ಕಂಪ್ಯೂಟರಿಗೆ ಏದುಸಿರು ಬರುತ್ತದೆ.

ಹಾಗಾದರೆ ಹೊಸದರಲ್ಲಿ ಬದಲಾಗೋದೇನು? ಕೆಲಸ ಸಾಗುವ ರೀತಿ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಒಲೆ ಪಕ್ಕದಲ್ಲೇ ಇದ್ದರೆ ಒಂಥರಾ, ಅಟ್ಟದ ಮೇಲಿದ್ದರೆ ಒಂಥರಾ. ಸಾಸಿವೆ ಅದೇ. ಆದರೆ ಅಟ್ಟ ಹತ್ತಿ ಇಳಿಯೋ ಹೊತ್ತಿಗೆ ಎಣ್ಣೆ ಸೀದಿರುತ್ತದೆ. ರೆಕಾರ್ಡಿಂಗ್‌ನಲ್ಲಿ ಸೀಯೋದು ನಮ್ಮ ಕಿವಿ. "ಮೂರನೇ ಟೇಕಿನ ಆ ಸಾಲು ಚೆನ್ನಾಗಿತ್ತು" ಅಂತ ಮನಸ್ಸಿಗೆ ಹೊಳೆದ ಮೇಲೆ ಅದನ್ನು ಹಾಡಿನಲ್ಲಿ ಕೂರಿಸಿ ಕೇಳುವಷ್ಟರಲ್ಲಿ ಹತ್ತು ಕ್ಲಿಕ್ ಆದರೆ, ಯಾಕೆ ಚೆನ್ನಾಗಿತ್ತು ಅನ್ನೋದೇ ಮರೆತು ಹೋಗಿರುತ್ತದೆ.

ಹಳೇ ದಾರಿ

ಟೇಪಿನ ಕಾಲದಲ್ಲಿ ಈ ಕೆಲಸ ಬ್ಲೇಡಿನಲ್ಲಿ ನಡೆಯುತ್ತಿತ್ತು. ಟೇಪು ಕತ್ತರಿಸಿ, ಅಂಟು ಪಟ್ಟಿ ಹಾಕಿ ಜೋಡಿಸೋದು. ಒಮ್ಮೆ ಕತ್ತರಿಸಿದರೆ ಕತ್ತರಿಸಿದ ಹಾಗೆ. ಕಂಪ್ಯೂಟರಿನಲ್ಲಿ ಆ ಭಯ ಇಲ್ಲ. ಪರದೆಯ ಮೇಲೆ ನೀವು ಏನೇ ಕತ್ತರಿಸಿದರೂ ಡಿಸ್ಕ್‌ನಲ್ಲಿರುವ ಮೂಲ ಫೈಲಿಗೆ ಏನೂ ಆಗುವುದಿಲ್ಲ. ಇಷ್ಟರಿಂದ ಇಷ್ಟರವರೆಗೆ ನುಡಿಸು ಅನ್ನುವ ಟಿಪ್ಪಣಿ ಮಾತ್ರ ಬದಲಾಗುತ್ತದೆ. ರೀಪರ್‌ನಲ್ಲಂತೂ ಪ್ರಾಜೆಕ್ಟ್ ಫೈಲು ಬರೀ ಅಕ್ಷರಗಳ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು.

ಅಂದಹಾಗೆ, ಏಳು ಟೇಕು ಇಟ್ಟುಕೊಂಡರೆ ಜಾಗ ತುಂಬಿ ಹೋಗುತ್ತದೆ ಅಂತ ಹೆದರಿ ಕೆಲವರು ಅಳಿಸುತ್ತಾರೆ. ಬೇಡ. 24 ಬಿಟ್, 48,000ದಲ್ಲಿ ಒಂದು ಮೈಕಿನ ಒಂದು ನಿಮಿಷಕ್ಕೆ ಸುಮಾರು 8.6 ಎಂಬಿ. ನಾಲ್ಕು ನಿಮಿಷದ ಪದ ಏಳು ಸಲ ಹೇಳಿದರೂ ಸುಮಾರು 242 ಎಂಬಿ. ಮದುವೆ ವಿಡಿಯೋದ ಒಂದು ತುಣುಕಿಗಿಂತ ಕಮ್ಮಿ.

ರೀಪರ್ 6ರವರೆಗೆ ಏಳು ಟೇಕೂ ಒಂದೇ ಪೆಟ್ಟಿಗೆಯೊಳಗೆ, ದೋಸೆ ಒಂದರ ಮೇಲೊಂದು ಪೇರಿಸಿದ ಹಾಗೆ ಇರುತ್ತಿದ್ದವು. ಒಂದು ಸಾಲನ್ನು ಮೂರನೇ ಟೇಕಿನಿಂದ ತಗೋಬೇಕಾ? ಸಾಲಿನ ಶುರುವಿನಲ್ಲಿ ಎಸ್ ಕೀ ಒತ್ತಿ ಕತ್ತರಿಸು. ಕೊನೆಯಲ್ಲಿ ಇನ್ನೊಮ್ಮೆ ಕತ್ತರಿಸು. ಆಮೇಲೆ ಆ ತುಂಡಿನೊಳಗೆ ಮೂರನೇದರ ಮೇಲೆ ಕ್ಲಿಕ್ ಮಾಡು. ಇಲ್ಲಿಯವರೆಗೆ ಪರವಾಗಿಲ್ಲ. ತೊಂದರೆ ಏನು ಅಂದರೆ, ಕತ್ತರಿ ಬಿದ್ದಾಗ ಏಳೂ ಟೇಕಿಗೆ ಒಂದೇ ಜಾಗದಲ್ಲಿ ಬೀಳುತ್ತದೆ. ಮೂರನೇದರಲ್ಲಿ ಅಜ್ಜಿ ಉಸಿರು ತಗೊಂಡ ಜಾಗ, ಆರನೇದರಲ್ಲಿ ಮಾತಿನ ನಟ್ಟನಡುವೆ ಇರಬಹುದು. ನಾಳೆ ಮನಸ್ಸು ಬದಲಿಸಿ ಆರನೇದು ಹಾಕಿದರೆ, ಕತ್ತರಿಸಿದ ಜಾಗ ಸರಿಮಾಡೋದಕ್ಕೆ ಮತ್ತೆ ಎಳೆದಾಟ. ಹನ್ನೆರಡು ಸಾಲಿನ ಪದಕ್ಕೆ ಏಳು ಟೇಕು ಅಂದರೆ ಕೇಳಿ ಆರಿಸಬೇಕಾದ ತುಣುಕು 84. ಅರ್ಧ ಮುಗಿಯುವಷ್ಟರಲ್ಲಿ ಪರದೆ ಚಿಂದಿ ಬಟ್ಟೆಯ ಕೌದಿ ಹಾಗೆ ಕಾಣುತ್ತಿತ್ತು. ನಾನು ಎಷ್ಟೋ ಸಲ, "ಐದನೇದೇ ಇರಲಿ ಬಿಡು" ಅಂತ ಸೋಮಾರಿತನಕ್ಕೆ ಬಿದ್ದಿದ್ದೇನೆ.

ಲೇನ್ ಬಂದ ಮೇಲೆ

2023ರ ಅಕ್ಟೋಬರ್‌ನಲ್ಲಿ ರೀಪರ್ 7 ಬಂತು. ಮಾಡೋದು ಕಾಕೋಸ್ ಅನ್ನುವ ಪುಟ್ಟ ಕಂಪನಿ. ಹಿಂದೆ ನಾವೆಲ್ಲ ಹಾಡು ಕೇಳುತ್ತಿದ್ದ ವಿನ್‌ಆಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಇದರ ಹಿಂದೆ ಇದ್ದಾರೆ. ಈ ಆವೃತ್ತಿಯ ದೊಡ್ಡ ಸುದ್ದಿಯೇ ಟ್ರ್ಯಾಕ್ ಲೇನ್.

ಲೇನ್ ಅಂದರೆ ಏನು? ಆಲೂಗಡ್ಡೆ ಹೊಲ ನೆನಪು ಮಾಡಿಕೊಳ್ಳಿ, ಹಾಸನದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಹೊಲ ಒಂದೇ, ಸಾಲು ಹಲವು. ಹೊಲ ಅಂದರೆ ಟ್ರ್ಯಾಕು, ಅಂದರೆ ಅಜ್ಜಿಯ ದನಿ. ಅದರೊಳಗಿನ ಒಂದೊಂದು ಸಾಲೂ ಒಂದೊಂದು ಲೇನು. ಒಂದೊಂದು ಟೇಕು ಒಂದೊಂದು ಲೇನಿನಲ್ಲಿ ತನ್ನ ಪಾಡಿಗೆ ತಾನು ಇರುತ್ತದೆ. ಒಂದನ್ನು ಕತ್ತರಿಸಿದರೆ ಇನ್ನೊಂದಕ್ಕೆ ನೋವಿಲ್ಲ. ಒಂದನ್ನು ಚೂರು ಹಿಂದೆ ಸರಿಸಿದರೆ ಮಿಕ್ಕವು ಅಲ್ಲಾಡುವುದಿಲ್ಲ.

ಇನ್ನು ಆರಿಸೋದು. ಕಾಂಪಿಂಗ್ ಶುರು ಮಾಡಿದರೆ ಆರಿಸಿದ್ದನ್ನು ಇಡೋದಕ್ಕೆ ಬೇರೆ ಒಂದು ಲೇನು ಸಿಗುತ್ತದೆ. ಮೂರನೇ ಲೇನಿನಲ್ಲಿ ನಿಮಗೆ ಬೇಕಾದ ಸಾಲಿನ ಮೇಲೆ ಮೌಸ್ ಎಳೆಯಿರಿ, ಅಷ್ಟೇ. ಆ ತುಂಡು ಅಲ್ಲಿಗೆ ಬಂದು ಕೂರುತ್ತದೆ. ಮುಂದಿನ ಸಾಲು ಆರನೇದರಿಂದ ಬೇಕಾ, ಅಲ್ಲಿ ಎಳೆಯಿರಿ. ಎರಡರ ನಡುವಿನ ಗಡಿ ಸರಿಯಿಲ್ಲವಾ, ಗಡಿಯನ್ನೇ ಹಿಡಿದು ಆಚೀಚೆ ಸರಿಸಿ. ಹಾಡು ಓಡುತ್ತಿರುವಾಗಲೇ ಇದನ್ನು ಮಾಡಬಹುದು. ಕಿವಿ ಅಂದಿದ್ದನ್ನು ಕೈ ಆಗಲೇ ಮಾಡಿ ಮುಗಿಸುತ್ತದೆ.

ನನಗೆ ಇದರಲ್ಲಿ ಜಾಸ್ತಿ ಹಿಡಿಸಿದ್ದು ಇನ್ನೊಂದು. ಆಯ್ಕೆಯ ಲೇನು ಒಂದೇ ಇರಬೇಕು ಅಂತಿಲ್ಲ. ಒಂದರಲ್ಲಿ ನನಗೆ ಚೆಂದ ಅನಿಸಿದ್ದು, ಇನ್ನೊಂದರಲ್ಲಿ ಮೊಮ್ಮಗಳು ಆರಿಸಿದ್ದು. ಎರಡನ್ನೂ ಬದಲಿಸಿ ಬದಲಿಸಿ ಕೇಳಬಹುದು. ಅವತ್ತು ಹಾಗೇ ಮಾಡಿದೆವು. ಹನ್ನೆರಡರಲ್ಲಿ ಏಳು ಸಾಲು ಇಬ್ಬರದೂ ಒಂದೇ ಆಯ್ಕೆ. ಮಿಕ್ಕಿದ್ದಕ್ಕೆ ಜಗಳ ಆಡಿದೆವು. ಅವಳೇ ಗೆದ್ದಳು, ಅವಳ ಅಜ್ಜಿ ಅಲ್ವಾ.

ಇದೆಲ್ಲ ರೀಪರ್‌ನವರೇ ಕಂಡುಹಿಡಿದದ್ದು ಅಂತ ಅಂದುಕೊಳ್ಳಬೇಡಿ. ಮೌಸ್ ಎಳೆದು ಟೇಕು ಆರಿಸೋದು ಆಪಲ್‌ನ ರೆಕಾರ್ಡಿಂಗ್ ಸಾಫ್ಟ್‌ವೇರ್ ಲಾಜಿಕ್‌ನಲ್ಲಿ 2007ರಿಂದ ಇದೆ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಏಬಲ್ಟನ್ ಲೈವ್‌ಗೆ 2021ರಲ್ಲಿ, ಹನ್ನೊಂದನೇ ಆವೃತ್ತಿಯಲ್ಲಿ ಬಂತು. ರೀಪರ್ ತಡ ಮಾಡಿತು. ಆದರೆ ಲಾಜಿಕ್ ಬೇಕು ಅಂದರೆ ಮ್ಯಾಕ್ ಇಲ್ಲವೇ ಐಪ್ಯಾಡ್ ಬೇಕು. ನಮ್ಮಂಥವರ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ ಅದು ಓಡೋದಿಲ್ಲ.

ಎಲ್ಲಿ ಕತ್ತರಿಸಬೇಕು

ಸಾಫ್ಟ್‌ವೇರ್ ಕತ್ತಿ ಕೊಡುತ್ತದೆ, ಎಲ್ಲಿ ಕೊಯ್ಯಬೇಕು ಅಂತ ಹೇಳಿಕೊಡುವುದಿಲ್ಲ. ಎರಡು ಟೇಕಿನ ಗಡಿ ಸ್ವರದ ನಡುವೆ ಬಿದ್ದರೆ ಕೇಳುವವರಿಗೆ ಸಿಕ್ಕಿಬೀಳುತ್ತೀರಿ. "ಅಮ್ಮಾ" ಅನ್ನುವಲ್ಲಿ ಆ ಎಳೆತದ ನಡುವೆ ಕತ್ತರಿಸಿ ನೋಡಿ, ದನಿಯ ಬಣ್ಣ ತಟ್ಟನೆ ಬದಲಾಗುತ್ತದೆ. ಮ, ನ, ಲ ಇವೂ ಕಷ್ಟ, ಅಲ್ಲಿ ಸದ್ದು ನಿಲ್ಲೋದೇ ಇಲ್ಲ.

ಕನ್ನಡದಲ್ಲಿ ಇದಕ್ಕೆ ಒಂದು ಒಳ್ಳೇ ಉಪಾಯ ಇದೆ. ಪ್ಪ, ಕ್ಕ, ತ್ತ ಥರದ ಒತ್ತಕ್ಷರ ಹುಡುಕಿ. "ಅಪ್ಪ", "ಅಕ್ಕ", "ಮುತ್ತು" ಅಂತ ನಿಧಾನ ಹೇಳಿ ನೋಡಿ. ಪ್ಪ ಅನ್ನುವಾಗ ತುಟಿ ಮುಚ್ಚಿಕೊಂಡು, ಸದ್ದು ಪೂರ್ತಿ ನಿಂತು, ಆಮೇಲೆ ಒಡೆಯುತ್ತದೆ. ಆ ಮುಚ್ಚಿದ ಚೂರು ಹೊತ್ತು ಪರದೆಯ ಮೇಲೆ ಅಲೆ ಚಪ್ಪಟೆಯಾಗಿ ಕಾಣುತ್ತದೆ. ಗಡಿ ಅಲ್ಲಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸೋಬಾನೆ ಪದದಲ್ಲಿ ಅಕ್ಕ, ಮುತ್ತು, ಹತ್ತು ಇಂಥ ಮಾತಿಗೆ ಬರವಿಲ್ಲ. ಒತ್ತಿಲ್ಲದ ಪ, ತ, ಕ ಇದ್ದರೂ ಆಗುತ್ತದೆ, ಜಾಗ ಕಿರಿದು ಅಷ್ಟೇ. ಗಡಿಯ ಮೇಲೆ ಒಂದು ಹತ್ತು ಮಿಲಿಸೆಕೆಂಡ್ ಕ್ರಾಸ್‌ಫೇಡ್ ಇರಲಿ. ಅಂದರೆ ಹಳೇ ತುಂಡು ಇಳಿಯುತ್ತಾ ಹೊಸದು ಏರೋದು. ಅದಿಲ್ಲದಿದ್ದರೆ ಟಪ್ ಅಂತ ಸದ್ದು ಬರಬಹುದು.

ಉಸಿರಿನ ವಿಚಾರಕ್ಕೆ ಬಂದರೆ, ಅದನ್ನು ಹಿಂದಿನ ಸಾಲಿಗೆ ಅಂಟಿಸಬೇಡಿ, ಮುಂದಿನ ಸಾಲಿನ ಜೊತೆ ಇರಲಿ. ಯಾವ ಮಾತಿಗೆ ತಗೊಂಡ ಉಸಿರೋ ಅದು ಆ ಮಾತಿನದ್ದು. ದೊಡ್ಡ ಸಾಲಿಗೆ ದೊಡ್ಡ ಉಸಿರು.

ಜನಪದದವರ ಜೊತೆ ಇನ್ನೊಂದು ಪೇಚಿದೆ. ಕಾಂಪಿಂಗ್ ಸಲೀಸಾಗಿ ನಡೆಯೋದು ಎಲ್ಲ ಟೇಕಿನ ಓಟ ಒಂದೇ ಇದ್ದಾಗ. ಸಿನಿಮಾ ಹಾಡಿನವರು ಕಿವಿಯಲ್ಲಿ ಲಯ ಹಿಡಿಯುವ ಕ್ಲಿಕ್ ಸದ್ದು ಕೇಳಿಕೊಂಡು ಹಾಡುತ್ತಾರೆ, ಅದಕ್ಕೇ ಟೇಕುಗಳು ಕರಾರುವಾಕ್ಕಾಗಿ ಒಂದರ ಕೆಳಗೊಂದು ಕೂರುತ್ತವೆ. ಅಜ್ಜಿಗೆ ಹೆಡ್‌ಫೋನ್ ಹಾಕಿದರೆ, "ಇದೇನಪ್ಪಾ ಎತ್ತಿಗೆ ಕುಕ್ಕೆ ಕಟ್ಟಿದಂಗೆ" ಅಂದು ಕಿತ್ತು ಇಟ್ಟರು. ಸರಿ ಅಂತ ಒಂದೇ ಕಿವಿಗೆ ಪುಟ್ಟ ಇಯರ್‌ಫೋನ್ ಸಿಕ್ಕಿಸಿ ಸಣ್ಣಗೆ ಶ್ರುತಿ ಮಾತ್ರ ಕೊಟ್ಟೆ. ಶ್ರುತಿ ನಿಂತಿತು. ಲಯ ಅವರದೇ. ಏಳನೇ ಟೇಕು ಮುಗಿಯುವಾಗ ಮೊದಲನೇದಕ್ಕಿಂತ ಹದಿನೆಂಟು ಸೆಕೆಂಡ್ ಬೇಗ ಮುಗಿದಿತ್ತು. ಬಹುಶಃ ಬಸ್ಸಿನ ಯೋಚನೆ.

ನಮ್ಮನ್ನು ಉಳಿಸಿದ್ದು ಸೊಲ್ಲು. ಅಜ್ಜಿ ಒಂದು ಸಾಲು ಹೇಳಿದ ಮೇಲೆ ಆ ಇಬ್ಬರು ಹೆಂಗಸರು ಸೊಲ್ಲು ಹೇಳುತ್ತಾರಲ್ಲ, ಅಲ್ಲಿ ಅಜ್ಜಿ ಸುಮ್ಮನಿರುತ್ತಾರೆ. ಒಂದೊಂದು ಸಾಲೂ ತಾನಾಗಿ ಬೇರೆ ಬೇರೆ ಆಗಿರುತ್ತದೆ. ಲೇನಿನೊಳಗೆ ಆ ಸಾಲನ್ನಷ್ಟೇ ಹಿಡಿದು ಮುಂದೆ ಹಿಂದೆ ಸರಿಸಿದರೆ ಸಾಕು. ಹಳೇ ಪೇರಿಸಿದ ದೋಸೆಯಲ್ಲಿ ಈ ಸರಿಸಾಟ ದೊಡ್ಡ ರಗಳೆ ಆಗುತ್ತಿತ್ತು. ಕ್ಲಿಕ್ಕಿಲ್ಲದೆ ಹಾಡುವವರಿಗೇ ಲೇನ್‌ಗಳಿಂದ ಜಾಸ್ತಿ ಲಾಭ ಅಂತ ನನಗೆ ಅನಿಸೋದು ಇದಕ್ಕೇ.

ಒಗ್ಗರಣೆ ಡಬ್ಬಿ

ಏಳನೇ ಆವೃತ್ತಿಯ ಎರಡನೇ ಒಳ್ಳೇ ಸೇರ್ಪಡೆ ಎಫೆಕ್ಟ್ ಕಂಟೇನರ್. ಪ್ಲಗಿನ್‌ಗಳು, ಅಂದರೆ ದನಿಯನ್ನು ಹದ ಮಾಡುವ ಪುಟ್ಟ ಪ್ರೋಗ್ರಾಮುಗಳು, ಸಾಮಾನ್ಯವಾಗಿ ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ. ಮೊದಲು ದನಿಯ ದಪ್ಪ ತೆಳು ತಿದ್ದುವ ಈಕ್ಯೂ, ಆಮೇಲೆ ಜೋರು ಮೆಲ್ಲಗಿನ ಅಂತರ ಅದುಮುವ ಕಂಪ್ರೆಸರ್, ಆಮೇಲೆ ಮಾರ್ದನಿ ಕೊಡುವ ರಿವರ್ಬ್. ದನಿ ಒಂದರೊಳಗಿಂದ ಇನ್ನೊಂದಕ್ಕೆ ಹೋಗುತ್ತದೆ. ಆದರೆ ಕೆಲವು ಸಲ ಹಾಗೆ ಬೇಡ. ಸಾರಿಗೆ ಒಗ್ಗರಣೆ ಹಾಕುವಾಗ ಇಡೀ ಸಾರನ್ನು ಎಣ್ಣೆಯಲ್ಲಿ ಹುರಿಯುತ್ತೇವಾ? ಬೇರೆ ಸೌಟಿನಲ್ಲಿ ಸಾಸಿವೆ, ಕರಿಬೇವು ಚಟಪಟ ಅನಿಸಿ, ಕೊನೆಗೆ ಸಾರಿನೊಳಗೆ ಬಿಡುತ್ತೇವೆ. ದನಿಗೂ ಅದೇ. ದನಿಯ ಒಂದು ನಕಲನ್ನು ಕಂಪ್ರೆಸರ್‌ನಲ್ಲಿ ಚೆನ್ನಾಗಿ ಅದುಮಿ, ಅದನ್ನು ಮೂಲ ದನಿಗೆ ಚೂರು ಬೆರೆಸೋದು. ಮೂಲದ ಏರಿಳಿತ ಹಾಗೇ ಉಳಿಯುತ್ತದೆ, ಮೆಲ್ಲಗೆ ಹೇಳಿದ ಮಾತೂ ಕೇಳಿಸುತ್ತದೆ. ಇದಕ್ಕೆ ಪ್ಯಾರಲಲ್ ಕಂಪ್ರೆಷನ್ ಅನ್ನುತ್ತಾರೆ.

ಮೊದಲು ಇದಕ್ಕೆ ಬೇರೆ ಟ್ರ್ಯಾಕ್ ಮಾಡಿ ಅದಕ್ಕೆ ದನಿಯ ನಕಲು ಕಳಿಸಬೇಕಿತ್ತು, ಇಲ್ಲವಾದರೆ ಚಾನಲ್ ತಂತಿ ಜೋಡಿಸುವ ಕಸರತ್ತು. ಈಗ ಪ್ಲಗಿನ್ ಪಟ್ಟಿಯಲ್ಲಿ ಬಲ ಕ್ಲಿಕ್ ಮಾಡಿ, ಹಿಂದಿನದರ ಜೊತೆಗೆ ಪಕ್ಕದಲ್ಲಿ ಓಡು ಅಂದರೆ ಆಯಿತು. ಕಂಟೇನರ್ ಅಂದರೆ ಹೀಗೆ ಹದ ಮಾಡಿದ ಹಲವು ಪ್ಲಗಿನ್‌ಗಳನ್ನು ಒಂದೇ ಡಬ್ಬಿಯೊಳಗೆ ಹಾಕಿ ಮುಚ್ಚಳ ಹಾಕೋದು. ಹೊರಗಿನಿಂದ ನೋಡಿದರೆ ಒಂದೇ ಪ್ಲಗಿನ್. ಡಬ್ಬಿಯೊಳಗೆ ಡಬ್ಬಿಯೂ ಇಡಬಹುದು. ನಾನು "ಹೆಂಗಸರ ದನಿ, ಬಯಲು" ಅಂತ ಒಂದು ಮಾಡಿಟ್ಟುಕೊಂಡಿದ್ದೇನೆ. ಮುಂದಿನ ಸಲ ಬೇರೆ ಊರಿನವರು ಬಂದಾಗ ಆ ಡಬ್ಬಿ ತಂದು ಇಟ್ಟರೆ ಅರ್ಧ ಕೆಲಸ ಆಯಿತು. ಡಬ್ಬಿ ಮಾಡುವ ಚಟಕ್ಕೆ ಬೀಳಬೇಡಿ. ನಾನೊಂದು ವಾರ ಹಾಡು ಬಿಟ್ಟು ಬರೀ ಡಬ್ಬಿ ಮಾಡಿದ್ದೂ ಇದೆ.

ಬೇರೆಯವರ ಕಡೆ ಒಂದು ಇಣುಕು

2024ರ ಮಾರ್ಚ್‌ನಲ್ಲಿ ಬಂದ ಏಬಲ್ಟನ್ ಲೈವ್ 12ರಲ್ಲಿ ನಮ್ಮ ಕಡೆಯವರಿಗೆ ಹಿಡಿಸಬೇಕಾದ ಒಂದು ಅಂಶ ಇದೆ, ಟ್ಯೂನಿಂಗ್ ಸಿಸ್ಟಮ್. ಕೀಬೋರ್ಡಿನಲ್ಲಿ ಒಂದು ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿರುತ್ತಾರೆ. ಒಂದು ಪಾಲಿಗೆ 100 ಸೆಂಟ್ ಅಂತ ಲೆಕ್ಕ. ಷಡ್ಜದಿಂದ ಅಂತರ ಗಾಂಧಾರ 400 ಸೆಂಟ್. ಆದರೆ ತಂಬೂರಿ ಮೀಟಿದಾಗ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386. ಆ 14 ಸೆಂಟ್ ವ್ಯತ್ಯಾಸವೇ ಕೀಬೋರ್ಡ್ ಪಕ್ಕದಲ್ಲಿ ತಂಬೂರಿ ಇಟ್ಟರೆ ಏನೋ ತುರಿಸಿದ ಹಾಗೆ ಅನಿಸೋದಕ್ಕೆ ಕಾರಣ. ಮೊದಲು ಇದನ್ನು ಸರಿಮಾಡೋದಕ್ಕೆ ಬೇರೆ ಪ್ಲಗಿನ್ ಬೇಕು, ಇಲ್ಲವೇ ಒಂದೊಂದು ಸ್ವರವನ್ನೂ ಬಗ್ಗಿಸುತ್ತಾ ಕೂರಬೇಕು. ಲೈವ್ 12ರಲ್ಲಿ ಇಡೀ ಪ್ರಾಜೆಕ್ಟಿಗೆ ಒಂದೇ ಸಲ ಶ್ರುತಿ ಕಟ್ಟಬಹುದು. ಗಮಕ ಬರುತ್ತದೆ ಅಂತ ತಿಳಿಯಬೇಡಿ. ಅದಕ್ಕೆ ಗಂಟಲೇ ಬೇಕು.

ಅಜ್ಜಿಯ ಊರಿನ ತಾಲ್ಲೂಕಿನಲ್ಲೇ, ಕಾವೇರಿ ದಡದಲ್ಲಿ ರುದ್ರಪಟ್ಟಣ ಇದೆ. ಕರ್ನಾಟಕ ಸಂಗೀತದ ಹಾಡುಗಾರ ಆರ್. ಕೆ. ಶ್ರೀಕಂಠನ್ ಅವರ ಊರು. ಅಲ್ಲಿ ತಂಬೂರಿ ಆಕಾರದಲ್ಲೇ ಕಟ್ಟಿದ ಗುಡಿ ಇದೆ. ಅಂಥ ಕಡೆಯಿಂದ ಬಂದವರ ಕಿವಿಗೆ 14 ಸೆಂಟ್ ಸಣ್ಣದಲ್ಲ.

ಸಿದ್ಧ ಹಾಡಿನಿಂದ ದನಿ, ವಾದ್ಯ ಬೇರೆ ಮಾಡುವ ಸ್ಟೆಮ್ ಸೆಪರೇಷನ್ ಎಫ್‌ಎಲ್ ಸ್ಟುಡಿಯೋ ಅನ್ನುವ ಸಾಫ್ಟ್‌ವೇರಿನಲ್ಲೂ ಲಾಜಿಕ್‌ನಲ್ಲೂ ಬಂದಿದೆ. ವಾರ್ಷಿಕೋತ್ಸವದ ಮೇಷ್ಟ್ರುಗಳಿಗೆ ಖುಷಿ. ನನಗೆ ಅಷ್ಟೇನೂ ಇಲ್ಲ.

ಹಾಕಿಕೊಳ್ಳುವ ಮುಂಚೆ

ರೀಪರ್ 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಯಾವುದಕ್ಕೂ ಬೀಗ ಇಲ್ಲ. ಆಮೇಲೆ ಸ್ವಂತಕ್ಕೆ, ಸಣ್ಣ ವ್ಯವಹಾರಕ್ಕೆ 60 ಡಾಲರ್, ದೊಡ್ಡ ವ್ಯವಹಾರಕ್ಕೆ 225. ಏಳನೇ ಆವೃತ್ತಿಗೆ ಕಟ್ಟಿದ ದುಡ್ಡು 8.99ರವರೆಗೂ ನಡೆಯುತ್ತದೆ.

ಕೈಯಲ್ಲಿ ಕೆಲಸ ಇರುವಾಗ ಮಾತ್ರ ಅಪ್‌ಡೇಟ್ ಮಾಡಬೇಡಿ. ನಾನು ಒಮ್ಮೆ ಲೇನ್ ಹಾಕಿ ಮಾಡಿದ ಪ್ರಾಜೆಕ್ಟನ್ನು, ಹಳೇ ವರ್ಷನ್ ಇಟ್ಟುಕೊಂಡಿದ್ದ ಗೆಳೆಯನಿಗೆ ಮಿಕ್ಸಿಂಗ್‌ಗೆ ಕಳಿಸಿದ್ದೆ. ಹಳೇದಕ್ಕೆ ಲೇನ್ ಅಂದರೇನು ಅಂತಲೇ ಗೊತ್ತಿಲ್ಲ. ತಪ್ಪು ನನ್ನದೇ, ಆಯ್ಕೆ ಮಾಡಿದ ಟೇಕನ್ನು ಒಂದೇ ಆಡಿಯೋ ಫೈಲ್ ಮಾಡಿ ಕೊಡಬೇಕಿತ್ತು. ರೀಪರನ್ನು ಪೋರ್ಟಬಲ್ ಆಗಿ ಬೇರೆ ಫೋಲ್ಡರಿನಲ್ಲೂ ಹಾಕಿಕೊಳ್ಳಬಹುದು. ಹೊಸದು ಅಲ್ಲಿ ಇರಲಿ, ಹಳೇದು ಇದ್ದಲ್ಲೇ ಇರಲಿ, ಒಂದು ತಿಂಗಳು ಎರಡೂ ಓಡಿಸಿ. ಮಳೆಗಾಲ ಆದರೆ ಆಟೋ ಸೇವ್ ಆನ್ ಮಾಡಿಡಿ. ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋದಕ್ಕಾಗಲ್ಲ.

ಹದಿನೈದು ದಿನ ಬಿಟ್ಟು ಅಜ್ಜಿಗೆ ಹಾಡು ಕೇಳಿಸೋದಕ್ಕೆ ಮೊಮ್ಮಗಳು ಕರೆತಂದಳು. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಒಂಬತ್ತನೇ ಸಾಲ್ನಲ್ಲಿ ನಾನು ಉಸ್ರೇ ತಗಂಡಿಲ್ವಲ್ಲ ಮಗಾ. ಹಂಗೆ ಹೇಳಕ್ಕಾಗುತ್ತಾ ಯಾರಾದ್ರೂ?" ಅಂದರು. ನೋಡಿದೆ. ಸದ್ದು ಜಾಸ್ತಿಯಾಯಿತು ಅಂತ ನಾನೇ ಆ ಉಸಿರನ್ನು ಕತ್ತರಿಸಿ ಹಾಕಿದ್ದೆ. ಲೇನ್‌ಗಳನ್ನು ಬಿಡಿಸಿದೆ. ಮೂರನೇ ಟೇಕಿನಲ್ಲಿ ಅದೇ ಸಾಲಿನ ಮುಂಚೆ ಅದು ಇತ್ತು, ಉದ್ದಕ್ಕೆ, ಸಣ್ಣಗೆ ಗೊರಗೊರ ಅನ್ನುತ್ತಾ. ಗಡಿ ಹಿಡಿದು ಎಳೆದು ಮತ್ತೆ ಕೇಳಿಸಿದೆ.

"ಹ್ಞಾ," ಅಂದರು, ಎಲೆಅಡಿಕೆ ಚೀಲ ಬಿಚ್ಚುತ್ತಾ.